ಕುದುರೆಯ ಜಂತಿನ ಔಷಧಿಗೆ ವೈದ್ಯರ ಚೀಟಿ ಏಕೆ ಬೇಕು

ಕುದುರೆಗೆ ಜಂತಿನ ಔಷಧಿ ಹಾಕುವುದೆಂದರೆ ಸಾಕುವವರಿಗೆ ಅದು ಲಾಳ ಕಟ್ಟಿಸುವಷ್ಟೇ ಸಾಮಾನ್ಯವಾದ ಕೆಲಸ. ಎರಡು ಮೂರು ತಿಂಗಳು ಕಳೆಯಿತೆಂದರೆ ಔಷಧಿ ಅಂಗಡಿಯಿಂದ ಪೇಸ್ಟಿನ ಟ್ಯೂಬೊಂದನ್ನೋ ದ್ರವದ ಬಾಟಲಿಯೊಂದನ್ನೋ ತಂದು ಪ್ರಾಣಿಯ ನಾಲಿಗೆಯ ಮೇಲೆ ಹಾಕಿ, ಇನ್ನು ಮುಂದಿನ ಸಲದವರೆಗೆ ಚಿಂತೆಯಿಲ್ಲ ಎಂದುಕೊಳ್ಳುವುದು ರೂಢಿ. ಹೀಗಿರುವಾಗ ‘ಲದ್ದಿಯ ಪರೀಕ್ಷೆ ಆಗಬೇಕು, ಪಶುವೈದ್ಯರು ಚೀಟಿ ಬರೆದುಕೊಡಬೇಕು, ಆಮೇಲಷ್ಟೇ ಔಷಧಿ’ ಎಂದು ಯಾರಾದರೂ ಹೇಳಿದರೆ ಅದು ಬಡವನನ್ನು ಅಲೆದಾಡಿಸುವ ಇನ್ನೊಂದು ಕಾನೂನಿನಂತೆ ಕೇಳುವುದು ಸಹಜ. ಆದರೆ ಯುರೋಪಿನ ಹಲವು ದೇಶಗಳು 1999ರಿಂದ ಈಚೆಗೆ ಇಂಥದೇ ನಿಯಮವನ್ನು ತಂದಿವೆ, ಮತ್ತು ಅದಕ್ಕೆ ಗಟ್ಟಿಯಾದ ಕಾರಣವಿದೆ. ಆ ಕಾರಣವನ್ನೂ, ಅದು ತುಮಕೂರಿನಂಥ ಒಣ ಸೀಮೆಗೆ ಎಷ್ಟರ ಮಟ್ಟಿಗೆ ಹೊಂದುತ್ತದೆ ಎಂಬುದನ್ನೂ ಇಲ್ಲಿ ವಿವರಿಸುತ್ತೇನೆ. ನಮ್ಮ ಜಿಲ್ಲೆಯಲ್ಲಿ ಕುದುರೆ ಎಂದರೆ ಕುಣಿಗಲ್ಲಿನ ತಳಿ ಫಾರಂ ಒಂದೇ ಅಲ್ಲ. ಮದುವೆಯ ಮೆರವಣಿಗೆಗೆ ಬಾಡಿಗೆಗೆ ಹೋಗುವ ಕುದುರೆಗಳಿವೆ, ವಲಸೆ ಕುರಿಗಾಹಿಗಳ ಹಿಂಡಿನ ಜೊತೆ ಗಂಟು ಹೊತ್ತು ನಡೆಯುವ ತಟ್ಟುಗಳಿವೆ. ಫಾರಂನ ಕುದುರೆಗೆ ವೈದ್ಯರು ಹತ್ತಿರದಲ್ಲೇ ಸಿಗುತ್ತಾರೆ. ಉಳಿದವುಗಳ ಪಾಲಿಗೆ ಅಂಗಡಿಯೇ ವೈದ್ಯ.

ಮೊದಲು ಹುಳುಗಳ ವಿಷಯ. ಕುದುರೆಯ ಕರುಳಿನಲ್ಲಿ ಹಲವು ಜಾತಿಯ ಹುಳುಗಳಿರುತ್ತವೆ. ಕುದುರೆ ಮರಿಗಳಲ್ಲಿ ದೊಡ್ಡದಾಗಿ ಕಾಣುವ ದುಂಡುಹುಳು ಇದೆ, ಲಾಡಿಹುಳು ಇದೆ, ಹೊಟ್ಟೆಯ ಗೋಡೆಗೆ ಕಚ್ಚಿಕೊಳ್ಳುವ ನೊಣದ ಮರಿಹುಳು ಇದೆ. ಆದರೆ ಔಷಧಿಯ ನಿಯಂತ್ರಣದ ಚರ್ಚೆಯೆಲ್ಲ ಮುಖ್ಯವಾಗಿ ಸ್ಟ್ರಾಂಗೈಲ್ ಎಂಬ ಗುಂಪಿನ ಸುತ್ತ ನಡೆಯುತ್ತದೆ. ಇದರಲ್ಲಿ ದೊಡ್ಡದು, ಸಣ್ಣದು ಎಂದು ಎರಡು ಬಗೆ. ದೊಡ್ಡ ಸ್ಟ್ರಾಂಗೈಲಿನ ಮರಿಗಳು ಕರುಳಿಗೆ ರಕ್ತ ಒಯ್ಯುವ ನಾಳಗಳೊಳಗೆ ತಿಂಗಳುಗಟ್ಟಲೆ ಸಂಚರಿಸಿ, ಅಲ್ಲಿ ರಕ್ತ ಹೆಪ್ಪುಗಟ್ಟುವಂತೆ ಮಾಡಿ, ಪ್ರಾಣಾಂತಿಕವಾದ ಹೊಟ್ಟೆಶೂಲೆಯನ್ನು ತರಬಲ್ಲವು. ಸಣ್ಣ ಸ್ಟ್ರಾಂಗೈಲುಗಳು ಅಷ್ಟು ದೂರ ಹೋಗುವುದಿಲ್ಲ. ಅವು ದೊಡ್ಡ ಕರುಳಿನ ಗೋಡೆಯೊಳಗೆ ಗೂಡು ಮಾಡಿಕೊಂಡು ತಿಂಗಳುಗಳ ಕಾಲ, ಕೆಲವೊಮ್ಮೆ ಎರಡು ವರ್ಷಕ್ಕೂ ಹೆಚ್ಚು ಕಾಲ ಸುಮ್ಮನೆ ಮಲಗಿರಬಲ್ಲವು, ಮತ್ತು ಒಮ್ಮೆಲೇ ಹೊರಬಂದರೆ ಕುದುರೆ ತೀವ್ರವಾದ ಭೇದಿಯಿಂದ ಸಾಯಬಹುದು. ಇವೆರಡರ ಮೊಟ್ಟೆಗಳೂ ಲದ್ದಿಯ ಮೂಲಕ ನೆಲಕ್ಕೆ ಬೀಳುತ್ತವೆ. ಬೆಚ್ಚನೆಯ ಹಸಿ ವಾತಾವರಣ ಸಿಕ್ಕಿದರೆ ಒಂದೆರಡು ವಾರಗಳಲ್ಲಿ ಅವು ಸೋಂಕು ತಗುಲಿಸುವ ಮರಿಗಳಾಗಿ ಹುಲ್ಲಿನ ಗರಿಯೇರುತ್ತವೆ. ಹುಲ್ಲಿನ ಜೊತೆ ಮತ್ತೆ ಕುದುರೆಯ ಹೊಟ್ಟೆ ಸೇರುತ್ತವೆ.

ಮೊಟ್ಟೆಗಳ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಒಂದು ಗ್ರಾಂ ಲದ್ದಿಯಲ್ಲಿ 500 ಮೊಟ್ಟೆಗಳಿರುವ ಕುದುರೆಯೊಂದು ದಿನಕ್ಕೆ 15 ಕಿಲೋ ಲದ್ದಿ ಹಾಕುತ್ತದೆ ಎಂದಿಟ್ಟುಕೊಂಡರೆ, ಆ ಒಂದೇ ಪ್ರಾಣಿ ಒಂದೇ ದಿನದಲ್ಲಿ 75 ಲಕ್ಷ ಮೊಟ್ಟೆಗಳನ್ನು ನೆಲಕ್ಕೆ ಚೆಲ್ಲುತ್ತದೆ. ಆದರೆ ಎಲ್ಲ ಕುದುರೆಗಳೂ ಹೀಗೆ ಚೆಲ್ಲುವುದಿಲ್ಲ. ಒಂದು ಹಿಂಡಿನ ವಯಸ್ಕ ಕುದುರೆಗಳಲ್ಲಿ ನೂರಕ್ಕೆ ಇಪ್ಪತ್ತು ಮೂವತ್ತರಷ್ಟು ಪ್ರಾಣಿಗಳೇ ಒಟ್ಟು ಮೊಟ್ಟೆಗಳಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಹಾಕುತ್ತವೆ, ಮತ್ತು ವರ್ಷದಿಂದ ವರ್ಷಕ್ಕೆ ಬಹುಮಟ್ಟಿಗೆ ಅವೇ ಕುದುರೆಗಳು ಹಾಗೆ ಹಾಕುತ್ತವೆ. ಉಳಿದವುಗಳ ಹೊಟ್ಟೆಯಲ್ಲಿ ಹುಳುಗಳಿದ್ದರೂ ಅವುಗಳ ಮೈಯ ರೋಗನಿರೋಧಕ ಶಕ್ತಿ ಅವನ್ನು ಹತೋಟಿಯಲ್ಲಿ ಇಟ್ಟಿರುತ್ತದೆ. ಹೊರಗಿನಿಂದ ನೋಡಿ ಯಾವುದು ಯಾವ ಬಗೆಯ ಕುದುರೆ ಎಂದು ಹೇಳಲು ಬಾರದು. ಮೈ ತುಂಬಿಕೊಂಡು ಹೊಳೆಯುವ ಕುದುರೆಯೇ ಅತಿ ಹೆಚ್ಚು ಮೊಟ್ಟೆ ಹಾಕುತ್ತಿರಬಹುದು. ಲದ್ದಿಯ ಪರೀಕ್ಷೆ ಬೇಕಾಗುವುದು ಇದಕ್ಕಾಗಿಯೇ.

ಈಗಿನ ತೊಂದರೆ ಹುಟ್ಟಿದ್ದು ಒಳ್ಳೆಯ ಔಷಧಿಗಳ ಯಶಸ್ಸಿನಿಂದಲೇ. 1961ರಲ್ಲಿ ಥಯಾಬೆಂಡಜೋಲ್ ಎಂಬ ಔಷಧಿ ಬಂದಾಗ, ಕಡಿಮೆ ವಿಷದ, ಹೆಚ್ಚು ಪರಿಣಾಮದ ಜಂತುನಾಶಕವೊಂದು ಮೊದಲ ಬಾರಿಗೆ ಕೈಗೆ ಸಿಕ್ಕಿತು. 1966ರಲ್ಲಿ ಅಮೆರಿಕದ ಕೆಂಟಕಿಯ ಇಬ್ಬರು ವಿಜ್ಞಾನಿಗಳು, ಎಲ್ಲ ಕುದುರೆಗಳಿಗೂ ಎಂಟು ವಾರಕ್ಕೊಮ್ಮೆ ಔಷಧಿ ಹಾಕಬೇಕೆಂಬ ಪದ್ಧತಿಯನ್ನು ಸೂಚಿಸಿದರು. ಅವರ ಗುರಿ ಆಗ ಬಲಿ ತೆಗೆದುಕೊಳ್ಳುತ್ತಿದ್ದ ದೊಡ್ಡ ಸ್ಟ್ರಾಂಗೈಲ್. ಆ ಗುರಿಯಲ್ಲಿ ಅವರು ಗೆದ್ದರು. 1980ರ ದಶಕದಲ್ಲಿ ಐವರ್‌ಮೆಕ್ಟಿನ್ ಬಂದಿತು. ಜಪಾನಿನ ಸತೋಶಿ ಓಮುರ ಅವರು ಮಣ್ಣಿನಿಂದ ಬೇರ್ಪಡಿಸಿದ ಸೂಕ್ಷ್ಮಜೀವಿಯಿಂದ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಅವರ ಸಂಗಡಿಗರು ರೂಪಿಸಿದ ಈ ಔಷಧಿಯ ಮೂಲಸಂಶೋಧನೆಗೆ 2015ರಲ್ಲಿ ನೊಬೆಲ್ ಪ್ರಶಸ್ತಿಯೂ ಸಂದಿತು. ಅತಿ ಸ್ವಲ್ಪ ಪ್ರಮಾಣದಲ್ಲಿ ಕೆಲಸ ಮಾಡುವ, ಬಾಯಿಗೆ ಹಿಂಡಿದರೆ ಮುಗಿಯುವ ಈ ಪೇಸ್ಟು ಸಿಕ್ಕ ಮೇಲೆ ಔಷಧಿ ಹಾಕುವ ಕೆಲಸ ವೈದ್ಯರ ಕೈಯಿಂದ ಮಾಲೀಕರ ಕೈಗೆ ದಾಟಿತು. ದೊಡ್ಡ ಸ್ಟ್ರಾಂಗೈಲ್ ಬಹಳ ಕಡೆ ಅಪರೂಪವಾಯಿತು. ಎಂಟು ವಾರದ ಪದ್ಧತಿ ಮಾತ್ರ, ಅದರ ಮೂಲ ಕಾರಣ ಹೊರಟುಹೋದ ಮೇಲೂ, ಮುಂದುವರಿಯಿತು.

ಅಷ್ಟರಲ್ಲಿ ಸಣ್ಣ ಸ್ಟ್ರಾಂಗೈಲುಗಳು ಬದಲಾಗಿದ್ದವು. ಲಕ್ಷಾಂತರ ಹುಳುಗಳ ನಡುವೆ, ಔಷಧಿ ಅಂಟಿಕೊಳ್ಳುವ ಪ್ರೋಟೀನು ತುಸು ಬೇರೆಯಾಗಿರುವ ಕೆಲವು ಹುಳುಗಳು ಹುಟ್ಟಿನಿಂದಲೇ ಇರುತ್ತವೆ. ಔಷಧಿ ಹಾಕಿದಾಗ ಉಳಿದವು ಸಾಯುತ್ತವೆ, ಇವು ಬದುಕುತ್ತವೆ, ಮತ್ತು ಮುಂದಿನ ಪೀಳಿಗೆಗೆ ಇವೇ ತಂದೆತಾಯಿ. ಔಷಧಿ ಹುಳುವನ್ನು ಗಟ್ಟಿ ಮಾಡುತ್ತದೆ ಎಂದು ಜನ ಹೇಳುವುದುಂಟು. ನಿಜವಾಗಿ ಅದು ಗಟ್ಟಿಯಾದವುಗಳನ್ನು ಆರಿಸಿ ಉಳಿಸುತ್ತದೆ. ಥಯಾಬೆಂಡಜೋಲ್ ಬಂದ ಮೂರೇ ವರ್ಷಕ್ಕೆ, 1964ರ ಹೊತ್ತಿಗೆ, ಕುರಿಯ ಹುಳುಗಳಲ್ಲಿ ಅದಕ್ಕೆ ಪ್ರತಿರೋಧ ಕಂಡಿತ್ತು. ಇಂದು ಅದೇ ಕುಟುಂಬದ, ಅಂದರೆ ಅದೇ ರೀತಿಯಲ್ಲಿ ಹುಳುವನ್ನು ಕೊಲ್ಲುವ ಔಷಧಿಗಳ ಗುಂಪಿನ, ಫೆನ್‌ಬೆಂಡಜೋಲಿಗೆ ಕುದುರೆಯ ಸಣ್ಣ ಸ್ಟ್ರಾಂಗೈಲುಗಳು ಪ್ರಪಂಚದ ಬಹುಭಾಗದಲ್ಲಿ ಬಗ್ಗುವುದಿಲ್ಲ. 2002ರಲ್ಲಿ ನೆದರ್‌ಲೆಂಡ್ಸ್‌ನಿಂದ, ಕುದುರೆ ಮರಿಗಳ ದುಂಡುಹುಳು ಐವರ್‌ಮೆಕ್ಟಿನಿಗೂ ಬಗ್ಗುತ್ತಿಲ್ಲವೆಂಬ ವರದಿ ಬಂದಿತು. ಕುದುರೆಯ ದುಂಡುಹುಳು ಮತ್ತು ಸ್ಟ್ರಾಂಗೈಲುಗಳ ಮೇಲೆ ನಮ್ಮ ಕೈಯಲ್ಲಿರುವುದು ಮೂರೇ ಔಷಧಿ ಕುಟುಂಬಗಳು: ಥಯಾಬೆಂಡಜೋಲ್, ಫೆನ್‌ಬೆಂಡಜೋಲ್‌ಗಳು ಸೇರಿದ ಬೆಂಜಿಮಿಡಜೋಲ್, ಪೈರಾಂಟೆಲ್, ಮತ್ತು ಐವರ್‌ಮೆಕ್ಟಿನ್ ಹಾಗೂ ಮಾಕ್ಸಿಡೆಕ್ಟಿನ್‌ಗಳ ಗುಂಪು. ಐವರ್‌ಮೆಕ್ಟಿನಿನ ನಂತರ, ಅಂದರೆ ನಲವತ್ತು ವರ್ಷಗಳಿಂದ, ಕುದುರೆಯ ಈ ಹುಳುಗಳಿಗಾಗಿ ಹೊಸ ಕುಟುಂಬದ ಔಷಧಿ ಯಾವುದೂ ಬಂದಿಲ್ಲ.

ಇಲ್ಲಿ ಅಂಗಡಿಯಲ್ಲಿ ನಡೆಯುವ ಒಂದು ತಪ್ಪುಕಲ್ಪನೆಯನ್ನು ತಿಳಿಸಲೇಬೇಕು. ‘ಹೋದ ಸಲದ ಔಷಧಿ ಹಿಡಿಯಲಿಲ್ಲ, ಬೇರೆ ಕಂಪನಿಯದು ಕೊಡಿ’ ಎಂದು ಕೇಳಿ ಬೇರೆ ಬಣ್ಣದ ಬಾಟಲಿ ತರುವವರು, ಬಹಳ ಸಲ ಅದೇ ಕುಟುಂಬದ ಇನ್ನೊಂದು ಹೆಸರನ್ನು ತಂದಿರುತ್ತಾರೆ. ಫೆನ್‌ಬೆಂಡಜೋಲಿಗೆ ಬಗ್ಗದ ಹುಳು ಆಲ್ಬೆಂಡಜೋಲಿಗೂ ಬಗ್ಗುವುದಿಲ್ಲ. ಶಾಲೆಗಳಲ್ಲಿ ಮಕ್ಕಳಿಗೆ ಜಂತುಹುಳುವಿಗೆಂದು ಕೊಡುವ ಆಲ್ಬೆಂಡಜೋಲ್ ಮಾತ್ರೆಯಿಂದಾಗಿ ಈ ಹೆಸರು ಎಲ್ಲರಿಗೂ ಪರಿಚಿತ. ಪರಿಚಿತವಾದ್ದರಿಂದಲೇ ಅದು ಎಲ್ಲ ಪ್ರಾಣಿಗಳಿಗೂ ಎಲ್ಲ ಹುಳುಗಳಿಗೂ ಆಗುವ ಔಷಧಿಯೆಂಬ ನಂಬಿಕೆ ಬೆಳೆದಿದೆ.

ಔಷಧಿಯ ಶಕ್ತಿಯನ್ನು ನಮ್ಮ ಸೀಮೆಯ ಕೆರೆಯ ನೀರಿನಂತೆ ಕಾಣುವುದು ಸರಿ ಎಂದು ನನಗನ್ನಿಸುತ್ತದೆ. ನದಿಯಿಲ್ಲದ ಊರುಗಳಲ್ಲಿ ಕೆರೆಯ ತೂಬನ್ನು ಯಾರು ಬೇಕಾದರೂ ತೆರೆಯುವಂತಿರಲಿಲ್ಲ. ನೀರುಗಂಟಿ ಗದ್ದೆಯನ್ನು ಕಣ್ಣಾರೆ ನೋಡಿ, ಪೈರಿಗೆ ಬೇಕೋ ಬೇಡವೋ ತಿಳಿದು, ಅಳತೆಯಿಂದ ನೀರು ಬಿಡುತ್ತಿದ್ದ. ಒಬ್ಬನು ಬೇಕಿಲ್ಲದಿದ್ದರೂ ಹರಿಸಿಕೊಂಡ ನೀರು ಇನ್ನೊಬ್ಬನ ಬೆಳೆಗೆ ಸಿಗದೆ ಹೋಗುತ್ತಿತ್ತು. ಜಂತಿನ ಔಷಧಿಯೂ ಹಾಗೆಯೇ. ನನ್ನ ಕುದುರೆಗೆ ನಾನು ಬೇಕಿಲ್ಲದಿದ್ದರೂ ಔಷಧಿ ಹಾಕಿದರೆ ಉಳಿಯುವ ಪ್ರತಿರೋಧಿ ಹುಳುಗಳು ನನ್ನ ಲಾಯದಲ್ಲಿಯೇ ನಿಲ್ಲುವುದಿಲ್ಲ; ಮೆರವಣಿಗೆಗೆ ಹೋದಲ್ಲಿ, ಜಾತ್ರೆಗೆ ಕಟ್ಟಿದಲ್ಲಿ, ಮಾರಿದ ಮನೆಯಲ್ಲಿ ಲದ್ದಿಯ ಮೂಲಕ ನೆಲ ಸೇರುತ್ತವೆ. ಆದ್ದರಿಂದ ಇದು ಮಾಲೀಕನ ಖಾಸಗಿ ವಿಷಯವೆಂದು ಬಿಟ್ಟುಬಿಡಲು ಬಾರದು.

ಈ ತರ್ಕವನ್ನು ಮೊದಲು ಕಾನೂನಾಗಿ ಮಾಡಿದ್ದು ಡೆನ್ಮಾರ್ಕ್. 1999ರಿಂದ ಅಲ್ಲಿ ಜಂತುನಾಶಕಗಳು ಪಶುವೈದ್ಯರ ಚೀಟಿಗೆ ಮಾತ್ರ ಸಿಗುತ್ತವೆ. ಮುನ್ನೆಚ್ಚರಿಕೆಗೆಂದು ಸುಮ್ಮನೆ ಎಲ್ಲ ಕುದುರೆಗಳಿಗೂ ಹಾಕುವಂತಿಲ್ಲ, ಪರೀಕ್ಷೆಯಲ್ಲಿ ಹುಳು ಕಂಡಿರಬೇಕು. ಅಲ್ಲಿನ ವೈದ್ಯರು ಕುದುರೆಗಳ ಲದ್ದಿಯನ್ನು ಎಣಿಸಿ, ಗ್ರಾಮಿಗೆ ಸುಮಾರು 200 ಮೊಟ್ಟೆ ಮೀರಿದವುಗಳಿಗೆ ಮಾತ್ರ ಔಷಧಿ ಬರೆಯುವ ಪದ್ಧತಿ ಬೆಳೆಯಿತು. ಇತರ ದೇಶಗಳು ನಂತರ ಇದೇ ದಾರಿ ಹಿಡಿದವು. 2022ರ ಜನವರಿ 28ರಿಂದ ಜಾರಿಗೆ ಬಂದ ಯುರೋಪಿಯನ್ ಒಕ್ಕೂಟದ ಪಶು ಔಷಧ ನಿಯಮಾವಳಿ ಚೀಟಿಯ ನಿಯಮವನ್ನು ಇನ್ನಷ್ಟು ಬಿಗಿ ಮಾಡಿತು. ಐರ್ಲೆಂಡಿನಲ್ಲಿ ಇದಕ್ಕೆ ಔಷಧಿ ವ್ಯಾಪಾರಿಗಳಿಂದ ಬಲವಾದ ವಿರೋಧ ಬಂದು ಜಾರಿ ಮುಂದೆ ಹೋಯಿತು. ಬ್ರಿಟನ್ ನಡುವಿನ ದಾರಿಯೊಂದನ್ನು ಇಟ್ಟುಕೊಂಡಿದೆ: ಅಲ್ಲಿ ವೈದ್ಯರು ಮಾತ್ರವಲ್ಲದೆ ಫಾರ್ಮಸಿಸ್ಟರೂ, ಪರೀಕ್ಷೆ ಪಾಸಾಗಿ ನೋಂದಣಿ ಮಾಡಿಸಿಕೊಂಡ ಸಲಹೆಗಾರರೂ ಕುದುರೆಯ ಜಂತುನಾಶಕವನ್ನು ಬರೆದು ಕೊಡಬಹುದು, ಆದರೆ ಪ್ರಾಣಿಯ ವಿವರ ಕೇಳಿ ತಿಳಿದುಕೊಳ್ಳದೆ ಕೊಡುವಂತಿಲ್ಲ. ಅಮೆರಿಕದಲ್ಲಿ ಇಂದಿಗೂ ಯಾರು ಬೇಕಾದರೂ ಅಂಗಡಿಯಿಂದ ಕೊಳ್ಳಬಹುದು. ಇದರ ಇನ್ನೊಂದು ಕೆಡುಕು ಕೊರೊನಾ ಕಾಲದಲ್ಲಿ ಕಂಡಿತು: ಕುದುರೆಯ ಐವರ್‌ಮೆಕ್ಟಿನ್ ಪೇಸ್ಟನ್ನು ಜನರೇ ತಿಂದು ಆಸ್ಪತ್ರೆ ಸೇರಿದ ಪ್ರಕರಣಗಳಿಂದಾಗಿ 2021ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಸಾರ್ವಜನಿಕವಾಗಿ ಎಚ್ಚರಿಸಬೇಕಾಯಿತು.

ಡೆನ್ಮಾರ್ಕಿನ ಅನುಭವವನ್ನು ಬರೀ ಹೊಗಳಿ ಬಿಡುವುದು ಪ್ರಾಮಾಣಿಕವಲ್ಲ. ಹದಿಮೂರು ವರ್ಷಗಳ ನಂತರ, 2012ರಲ್ಲಿ ಪ್ರಕಟವಾದ ಅಲ್ಲಿನದೇ ಅಧ್ಯಯನವೊಂದು, ಆಯ್ದ ಕುದುರೆಗಳಿಗೆ ಮಾತ್ರ ಔಷಧಿ ಹಾಕುವ ಫಾರಂಗಳಲ್ಲಿ ದೊಡ್ಡ ಸ್ಟ್ರಾಂಗೈಲ್ ಹೆಚ್ಚಾಗಿ ಕಾಣುತ್ತಿದೆ ಎಂದು ತೋರಿಸಿತು. ಸಾಮಾನ್ಯ ಎಣಿಕೆಯಲ್ಲಿ ದೊಡ್ಡ ಮತ್ತು ಸಣ್ಣ ಸ್ಟ್ರಾಂಗೈಲಿನ ಮೊಟ್ಟೆಗಳನ್ನು ಬೇರೆ ಮಾಡಲು ಬಾರದು. ಕಡಿಮೆ ಮೊಟ್ಟೆಯ ಕುದುರೆಯೊಳಗೆ ದೊಡ್ಡದರ ಮರಿಗಳು ಉಳಿದುಕೊಂಡಿರಬಹುದು. ಕರುಳ ಗೋಡೆಯಲ್ಲಿ ಮಲಗಿರುವ ಸಣ್ಣ ಸ್ಟ್ರಾಂಗೈಲಿನ ಮರಿಗಳಂತೂ ಮೊಟ್ಟೆಯನ್ನೇ ಇಡುವುದಿಲ್ಲವಾದ್ದರಿಂದ ಎಣಿಕೆಗೆ ಸಿಗುವುದೇ ಇಲ್ಲ. ಹೀಗಾಗಿ ಈಗಿನ ತಜ್ಞರ ಸಲಹೆ, ವಯಸ್ಕ ಕುದುರೆಗಳೆಲ್ಲಕ್ಕೂ ವರ್ಷಕ್ಕೆ ಒಂದೆರಡು ಸಲ ಔಷಧಿ ಇರಲಿ, ಅದರ ಮೇಲಿನದು ಎಣಿಕೆಯನ್ನು ನೋಡಿ ಇರಲಿ ಎಂಬುದು. ಕುದುರೆ ಮರಿಗಳ ಲೆಕ್ಕವೇ ಬೇರೆ. ದುಂಡುಹುಳುವಿನಿಂದ ಅವುಗಳ ಕರುಳು ಕಟ್ಟಿಕೊಳ್ಳುವ ಅಪಾಯವಿರುವುದರಿಂದ ಎಣಿಕೆಗೆ ಕಾಯುತ್ತ ಕೂರಬಾರದು. ಚೀಟಿಯ ನಿಯಮ ಮಾಡುವವರು ಈ ವಿನಾಯಿತಿಗಳನ್ನು ನಿಯಮದೊಳಗೇ ಬರೆದಿಡದಿದ್ದರೆ ನಿಯಮವೇ ಪ್ರಾಣಿಯನ್ನು ಕೊಲ್ಲಬಹುದು.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, ಅದರಡಿಯ 1945ರ ನಿಯಮಗಳು ಪಶು ಔಷಧಿಗಳಿಗೂ ಅನ್ವಯಿಸುತ್ತವೆ. ಪ್ರಾಣಿಯ ತಲೆಯ ಚಿತ್ರವೂ, ಮನುಷ್ಯರ ಬಳಕೆಗಲ್ಲ ಎಂಬ ಒಕ್ಕಣೆಯೂ ಲೇಬಲ್ಲಿನ ಮೇಲೆ ಇರಬೇಕೆಂಬುದು ಈ ನಿಯಮಗಳಿಂದಲೇ ಬಂದದ್ದು. ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಷೆಡ್ಯೂಲ್ ಎಚ್ ಪಟ್ಟಿಯೂ ಇದೇ ನಿಯಮಗಳ ಭಾಗ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ, ಪಶುವೈದ್ಯ ವೃತ್ತಿಯನ್ನು ಯಾರು ಮಾಡಬಹುದು ಎಂಬುದನ್ನು ಹೇಳುತ್ತದೆ. ಡಿಪ್ಲೊಮಾ ಪಡೆದ ಸಿಬ್ಬಂದಿ ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಸೇವೆಗಳನ್ನು ಕೊಡಲು ರಾಜ್ಯ ಸರ್ಕಾರ ಅನುಮತಿಸಬಹುದೆಂದೂ ಅದರಲ್ಲಿದೆ. ಆದರೆ ಈ ಕಾನೂನುಗಳು ನೋಡುವುದು ಔಷಧಿ ಅಸಲಿಯೇ, ಮಾರುವವನಿಗೆ ಪರವಾನಗಿ ಇದೆಯೇ, ಬರೆದವನು ಅರ್ಹನೇ ಎಂಬುದನ್ನು. ಬರೆಯುವ ಮೊದಲು ಲದ್ದಿಯನ್ನು ಎಣಿಸಿದ್ದಾರೆಯೇ ಎಂದು ಯಾವ ನಿಯಮವೂ ಕೇಳುವುದಿಲ್ಲ. ಅಂಗಡಿಯ ಮುಂದೆ ನಿಂತು ನೋಡಿದರೆ ಚೀಟಿ ಕೇಳುವುದೂ ಅಪರೂಪ.

ಅದರ ಫಲವನ್ನು ಕುರಿ ಸೀಮೆಯಲ್ಲಿ ನೋಡಬೇಕು. ಶಿರಾ, ಪಾವಗಡ, ಮಧುಗಿರಿ ಕಡೆ ಕುರಿಗೆ ಕುಡಿಸುವ ಔಷಧಿಯ ದೊಡ್ಡ ಬಾಟಲಿ ಮನೆಯಲ್ಲಿ ಇದ್ದೇ ಇರುತ್ತದೆ. ಹಿಂಡಿನ ಜೊತೆಗಿರುವ ತಟ್ಟುವಿಗೂ ಅದರಲ್ಲೇ ಒಂದಿಷ್ಟು. ಕುರಿಗೆ ಸಲ್ಲುವುದು ಕುದುರೆಗೆ ಸಲ್ಲುತ್ತದೆ ಎಂಬ ಭರವಸೆ ಇಲ್ಲ. ಕುರಿಗೆ ಕೊಡುವ ಲೆವಮಿಸೋಲ್ ಕುದುರೆಯಲ್ಲಿ, ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಅಂತರವೇ ಕಡಿಮೆ ಇರುವ ಔಷಧಿ. ದನ ಕುರಿಗಳಿಗೆಂದು ತಯಾರಾದ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಕುದುರೆಗೆ ಚುಚ್ಚಿದರೆ ಆ ಜಾಗದಲ್ಲಿ ಅಪಾಯಕಾರಿ ಬಾವು ಏಳಬಹುದು. ಇನ್ನು ಪ್ರಮಾಣದ ಪ್ರಶ್ನೆ. ಕಣ್ಣಂದಾಜಿನಲ್ಲಿ ಕಡಿಮೆ ಹಾಕಿದರೆ ಅರೆಬರೆ ಪ್ರತಿರೋಧವಿರುವ ಹುಳುಗಳೂ ಉಳಿದುಕೊಳ್ಳುತ್ತವೆ, ಅದು ಹಾಕದೇ ಇರುವುದಕ್ಕಿಂತ ಕೆಟ್ಟದ್ದು. ತೂಕದ ಯಂತ್ರವಿಲ್ಲದವರಿಗೆ ದರ್ಜಿಯ ಟೇಪು ಸಾಕು: ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, ಬಂದದ್ದನ್ನು 11,880ರಿಂದ ಭಾಗಿಸಿದರೆ ವಯಸ್ಕ ಕುದುರೆಯ ತೂಕ ಕಿಲೋದಲ್ಲಿ ಸುಮಾರಾಗಿ ಸಿಗುತ್ತದೆ. ಸುತ್ತಳತೆ 150, ಉದ್ದ 135 ಇರುವ ತಟ್ಟುವಿನ ತೂಕ ಸುಮಾರು 256 ಕಿಲೋ.

ಎಣಿಕೆಯ ವಿಧಾನವೂ ದುಬಾರಿಯದಲ್ಲ. 1930ರ ದಶಕದ ಕೊನೆಗೆ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕುರಿಗಳಿಗಾಗಿ ರೂಪುಗೊಂಡ, ಗೆರೆ ಎಳೆದ ಎರಡು ಪುಟ್ಟ ಕೋಣೆಗಳಿರುವ ಗಾಜಿನ ಪಟ್ಟಿಯಾದ ಮ್ಯಾಕ್‌ಮಾಸ್ಟರ್ ಸ್ಲೈಡು, ಸಾಧಾರಣ ಸೂಕ್ಷ್ಮದರ್ಶಕ, ಅಡುಗೆ ಉಪ್ಪನ್ನು ಕರಗುವಷ್ಟೂ ಕರಗಿಸಿದ ನೀರು ಇದ್ದರೆ ಆಯಿತು. ನಾಲ್ಕು ಗ್ರಾಂ ಲದ್ದಿಯನ್ನು ಈ ನೀರಿನಲ್ಲಿ ಕಲಸಿ ಒಟ್ಟು 60 ಮಿಲಿಲೀಟರ್ ಮಾಡಿ ಸೋಸಿ ಸ್ಲೈಡಿಗೆ ತುಂಬಿದರೆ ಮೊಟ್ಟೆಗಳು ತೇಲಿ ಮೇಲೆ ಬರುತ್ತವೆ; ಎರಡೂ ಕೋಣೆಗಳ ಗೆರೆಗಳೊಳಗೆ ಕಂಡ ಮೊಟ್ಟೆಗಳನ್ನು ಕೂಡಿ 50ರಿಂದ ಗುಣಿಸಿದರೆ ಗ್ರಾಮಿಗೆ ಎಷ್ಟೆಂಬುದು ಗೊತ್ತಾಗುತ್ತದೆ. ಮಾದರಿಯನ್ನು ಮಾತ್ರ ಆಗತಾನೇ ಬಿದ್ದ ಲದ್ದಿಯಿಂದ ತೆಗೆದು, ಕವರಿನ ಗಾಳಿ ಹಿಂಡಿ ಗಂಟು ಕಟ್ಟಿ, ತಂಪಿನಲ್ಲಿಟ್ಟು ಬೇಗ ತಲುಪಿಸಬೇಕು. ಪಾವಗಡದ ಬಿಸಿಲಿನಲ್ಲಿ ಒಂದು ದಿನ ಬಿಟ್ಟರೆ ಮೊಟ್ಟೆ ಒಡೆದು ಮರಿಯಾಗಿ ಎಣಿಕೆ ತಪ್ಪಾಗುತ್ತದೆ.

ಯಾವ ಕಾಲದಲ್ಲಿ ಎಣಿಸಬೇಕು, ಯಾವಾಗ ಔಷಧಿ ಹಾಕಬೇಕು ಎಂಬ ಡೆನ್ಮಾರ್ಕಿನ ಪಟ್ಟಿಯನ್ನು ಇಲ್ಲಿಗೆ ತರಲಾಗದು ಎಂಬುದಕ್ಕೂ ಈ ಬಿಸಿಲೇ ಕಾರಣ. ನಮ್ಮಲ್ಲಿ ಮಾರ್ಚಿನಿಂದ ಮೇ ತಿಂಗಳವರೆಗಿನ ಒಣ ಬೇಸಿಗೆ ಬಯಲಿನ ಹುಲ್ಲಿನ ಮೇಲಿರುವ ಮರಿಗಳನ್ನು ತಾನೇ ಸುಟ್ಟುಹಾಕುತ್ತದೆ. ಆಗ ಹುಳುಗಳೆಲ್ಲ ಬಹುಪಾಲು ಕುದುರೆಯ ಹೊಟ್ಟೆಯೊಳಗೇ ಇರುತ್ತವೆ. ಆ ಹೊತ್ತಿನಲ್ಲಿ ಎಲ್ಲ ಕುದುರೆಗಳಿಗೂ ಔಷಧಿ ಹಾಕಿದರೆ ಬದುಕಿ ಉಳಿಯುವುದು ಪ್ರತಿರೋಧಿ ಹುಳುಗಳು ಮಾತ್ರ. ಮುಂಗಾರು ಬಿದ್ದಾಗ ಹುಲ್ಲನ್ನು ತುಂಬುವುದು ಅವುಗಳ ಸಂತಾನ. ಔಷಧಿ ಸೋಕದ ಕೆಲವು ಹುಳುಗಳು ಎಲ್ಲಾದರೂ ಉಳಿದಿರುವುದು, ಪ್ರತಿರೋಧಿಗಳ ಜೊತೆ ಅವು ಬೆರೆಯುತ್ತಿರುವುದು, ಔಷಧಿಯ ಆಯಸ್ಸಿಗೆ ಒಳ್ಳೆಯದು. ಆದ್ದರಿಂದ ಇಲ್ಲಿ ಎಣಿಕೆಗೆ ಮುಖ್ಯವಾದ ಕಾಲ ಮಳೆ ಹೆಚ್ಚಿರುವ ಸೆಪ್ಟೆಂಬರ್, ಅಕ್ಟೋಬರ್ ಮತ್ತು ಅದರ ನಂತರದ ವಾರಗಳು. ಇನ್ನು ಲದ್ದಿಯನ್ನು ವಾರಕ್ಕೆ ಎರಡು ಸಲವಾದರೂ ಮೇವಿನ ಜಾಗದಿಂದ ಎತ್ತಿ ತಿಪ್ಪೆಗೆ ಹಾಕುವ ಮನೆಗಳಲ್ಲಿ ಸೋಂಕು ಅರ್ಧಕ್ಕರ್ಧ ಅಲ್ಲೇ ನಿಂತಂತೆ. ಚೆನ್ನಾಗಿ ಕಾವೇರಿದ ತಿಪ್ಪೆಯೊಳಗೆ ಮೊಟ್ಟೆಯೂ ಮರಿಯೂ ಸಾಯುತ್ತವೆ. ಹಸಿ ಲದ್ದಿಯನ್ನೇ ಕುದುರೆ ಮೇಯುವ ಹುಲ್ಲಿಗೆ ಎರಚುವುದು ಮಾತ್ರ ಆಗದು. ದನಗಳನ್ನು ಅದೇ ಬಯಲಿನಲ್ಲಿ ಮೇಯಿಸುವ ನಮ್ಮ ರೂಢಿಯೂ ಒಳ್ಳೆಯದೇ, ಏಕೆಂದರೆ ದನ ನುಂಗಿದ ಕುದುರೆಯ ಸ್ಟ್ರಾಂಗೈಲ್ ಮರಿಗಳು ಅಲ್ಲಿಗೇ ಮುಗಿಯುತ್ತವೆ.

ಇಷ್ಟು ತಿಳಿದ ಮೇಲೆ ನನ್ನ ಅಭಿಪ್ರಾಯ ಇದು. ಚೀಟಿ ಬೇಕು, ಆದರೆ ಎಣಿಕೆಯಿಲ್ಲದ ಚೀಟಿಯಿಂದ ಪ್ರಯೋಜನವಿಲ್ಲ. ಅದು ಅಂಗಡಿಯ ಬಾಗಿಲಿಗೆ ಇನ್ನೊಂದು ಬಾಗಿಲನ್ನು ಸೇರಿಸುತ್ತದೆ ಅಷ್ಟೆ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಲದ್ದಿ ತಂದವನಿಗೆ ಅದೇ ದಿನ ಎಣಿಸಿ ಹೇಳುವ ವ್ಯವಸ್ಥೆ ಮೊದಲು ಆಗಬೇಕು, ಮಾರಾಟದ ಬಿಗಿ ಆಮೇಲೆ. ಎಣಿಸುವ ಕೆಲಸವನ್ನು ತರಬೇತಿ ಪಡೆದ ಡಿಪ್ಲೊಮಾ ಸಿಬ್ಬಂದಿ ಚೆನ್ನಾಗಿಯೇ ಮಾಡಬಲ್ಲರು, ಬರೆಯುವುದು ವೈದ್ಯರ ಕೆಲಸವಾಗಿರಲಿ. 1962ಕ್ಕೆ ಕರೆ ಮಾಡಿದರೆ ಹಳ್ಳಿಗೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನದಲ್ಲಿ ಒಂದು ಸ್ಲೈಡು, ಒಂದು ಸೂಕ್ಷ್ಮದರ್ಶಕ ಇದ್ದರೆ ಬಾಡಿಗೆ ಕುದುರೆಯವರು ಒಂದು ದಿನದ ದುಡಿಮೆ ಬಿಟ್ಟು ಪೇಟೆಗೆ ಹೋಗಬೇಕಾಗಿಲ್ಲ. ಚೀಟಿಯಲ್ಲಿ ಔಷಧಿಯ ಕಂಪನಿಯ ಹೆಸರಿಗಿಂತ ಮುಖ್ಯವಾಗಿ ಅದರ ಕುಟುಂಬದ ಹೆಸರು, ಅಳೆದ ತೂಕ, ಎಣಿಕೆಯ ಸಂಖ್ಯೆ ಮತ್ತು ದಿನಾಂಕ ಇರಬೇಕು.

ಔಷಧಿ ಹಾಕಿದ ಹದಿನಾಲ್ಕನೆಯ ದಿನ ಮತ್ತೊಮ್ಮೆ ಲದ್ದಿ ತರಿಸಿ ಎಣಿಸಬೇಕು. ಮೊದಲು 800 ಇದ್ದದ್ದು ಸೊನ್ನೆಗೆ ಅಥವಾ ಅದರ ಹತ್ತಿರಕ್ಕೆ ಇಳಿದಿದ್ದರೆ ಔಷಧಿ ಇನ್ನೂ ಕೆಲಸ ಮಾಡುತ್ತಿದೆ. 200ಕ್ಕೆ ನಿಂತಿದ್ದರೆ, ಅಂದರೆ ನೂರಕ್ಕೆ ಎಪ್ಪತ್ತೈದರಷ್ಟು ಮಾತ್ರ ಇಳಿದಿದ್ದರೆ, ಪ್ರಮಾಣ ಸರಿಯಿತ್ತೆಂಬುದು ಖಚಿತವಾದ ಮೇಲೆ ಆ ಕುಟುಂಬದ ಔಷಧಿಯನ್ನು ಆ ಲಾಯದಲ್ಲಿ ಬರೆಯುವುದನ್ನು ನಿಲ್ಲಿಸಬೇಕು. ಒಂದೇ ಕುದುರೆಯ ಎಣಿಕೆ ಮೋಸ ಮಾಡಬಹುದಾದ್ದರಿಂದ ಒಂದೇ ಲಾಯದ ಐದಾರು ಕುದುರೆಗಳ ಸಂಖ್ಯೆಗಳನ್ನು ಒಟ್ಟಿಗಿಟ್ಟು ನೋಡುವುದು ಮೇಲು. ಆಸ್ಪತ್ರೆಯ ದಾಖಲೆಯಲ್ಲಿ ಇಂಥ ಜೋಡಿ ಸಂಖ್ಯೆಗಳು ವರ್ಷವರ್ಷವೂ ಕೂಡುತ್ತ ಹೋದರೆ, ಜಿಲ್ಲೆಯಲ್ಲಿ ಯಾವ ಔಷಧಿ ಎಲ್ಲಿ ಸೋಲುತ್ತಿದೆ ಎಂಬುದು ಮೊದಲ ಬಾರಿಗೆ ಬರಹದಲ್ಲಿ ಸಿಗುತ್ತದೆ. ಅದಕ್ಕಾಗಿ ಚೀಟಿಯ ನಮೂನೆಯನ್ನು ಅಚ್ಚು ಹಾಕಿಸುವಾಗಲೇ, ವೈದ್ಯರ ಸಹಿಯ ಕೆಳಗೆ, ಎರಡನೆಯ ಎಣಿಕೆಗೆಂದು ಒಂದು ಖಾಲಿ ಸಾಲನ್ನು ಬಿಡಬೇಕು.